ರಾತ್ರಿಯಾದರೆ ಸಾಯುತ್ತಿದ್ದ ಗೇಟಿನ ಕ್ಯಾಮೆರಾ: ಸಾಗರ ಸೀಮೆಯ ಅಡಿಕೆ ಮನೆಯೊಂದರ ರೆಕಾರ್ಡರ್ ಪ್ರಕರಣ

ಸಾಗರ ತಾಲೂಕಿನ ಒಂದು ಒಂಟಿ ಮನೆ. ಹೆಂಚಿನ ಮಾಡು, ಮುಂದೆ ಅಡಿಕೆ ಒಣಗಿಸುವ ಅಂಗಳ, ಬಲಕ್ಕೆ ಉಗ್ರಾಣ, ಮನೆಯಿಂದ 70 ಮೀಟರ್ ದೂರದಲ್ಲಿ ಮಣ್ಣುರಸ್ತೆಗೆ ತೆರೆಯುವ ಗೇಟು. ಇರುವವರು ವಯಸ್ಸಾದ ಯಜಮಾನರು ಮತ್ತು ಅವರ ಹೆಂಡತಿ; ಮಗ ಬೆಂಗಳೂರಿನಲ್ಲಿ. ನಾಲ್ಕು ಕ್ಯಾಮೆರಾ, ನಾಲ್ಕು ಚಾನೆಲ್ಲಿನ ಡಿವಿಆರ್ (ದೃಶ್ಯ ಬರೆದಿಡುವ ರೆಕಾರ್ಡರ್), 1 ಟಿಬಿ ಹಾರ್ಡ್ ಡಿಸ್ಕ್ ಹಾಕಿಸಿ ಎರಡು ವರ್ಷ ಕಳೆದಿತ್ತು. ಹಗಲು ಹೊತ್ತಿನಲ್ಲಿ ಹಾಲಿನ ಟಿವಿಯಲ್ಲಿ ನಾಲ್ಕೂ ಚಿತ್ರಗಳು ಲಕ್ಷಣವಾಗಿ ಕಾಣುತ್ತಿದ್ದವು. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ನವೆಂಬರಿನ ಒಂದು ರಾತ್ರಿ ಉಗ್ರಾಣದ ಜಗುಲಿಯಿಂದ ಒಣ ಅಡಿಕೆಯ ಎರಡು ಚೀಲ ಹೋದವು. ಅಡಿಕೆಯ ರಾಶಿ ಇಡಿ ದರ್ಜೆ ಕ್ವಿಂಟಲಿಗೆ ನಲವತ್ತು ಸಾವಿರ ದಾಟಿದ್ದ ಕಾಲದಲ್ಲಿ ಅದು ಸಣ್ಣ ನಷ್ಟವಾಗಿರಲಿಲ್ಲ. ಮರುದಿನ ಪಕ್ಕದ ಮನೆಯ ಹುಡುಗ ಬಂದು ರಿಮೋಟು, ಮೌಸು ಹುಡುಕಿ, ಹೇಗೋ ಹಿಂದಕ್ಕೆ ಓಡಿಸಿ ನೋಡಿದ. ಅಂಗಳದಲ್ಲಿ ಕೊಡೆ ಹಿಡಿದ ಒಂದು ಆಕೃತಿ. ಮೂಲೆಯಲ್ಲಿ ಸಮಯ 4:42.

"ನಾಯಿ ಕೂಗಿದ್ದು ಎರಡು ಗಂಟೆ ಸುಮಾರಿಗೆ ತಮ್ಮಾ, ಇದು ನಾಲ್ಕೂ ಮುಕ್ಕಾಲು ಅಂತಿದ್ಯಲ್ಲ?" ಎಂದರು ಯಜಮಾನರು.

ಹುಡುಗ ಟಿವಿ ಪರದೆಯನ್ನೇ ಮೊಬೈಲಿನಲ್ಲಿ ಹಿಡಿದುಕೊಂಡ. ಪೆನ್‌ಡ್ರೈವಿಗೆ ತೆಗೆಯಲು ಪಾಸ್‌ವರ್ಡ್ ಬೇಕು, ಅದು ಹಾಕಿಕೊಟ್ಟವನ ಹತ್ತಿರ ಇತ್ತು, ಅವನ ಫೋನು ಹತ್ತಲಿಲ್ಲ. ಮಗ ಎಂಟು ದಿನ ಬಿಟ್ಟು ಬಂದು ಪಾಸ್‌ವರ್ಡ್ ಪಡೆದು ಒಳಹೊಕ್ಕಾಗ ಆ ರಾತ್ರಿಯ ದೃಶ್ಯ ಡಿಸ್ಕಿನಲ್ಲೇ ಇರಲಿಲ್ಲ. ಉಳಿದದ್ದು ಟಿವಿಯ ಮೇಲೆ ಟ್ಯೂಬ್‌ಲೈಟಿನ ಪ್ರತಿಫಲನ ಬಿದ್ದ ಹನ್ನೊಂದು ಸೆಕೆಂಡಿನ ಮೊಬೈಲ್ ವಿಡಿಯೋ.

ಈ ಒಂದು ಕಳವಿನಲ್ಲಿ ಬೇರೆ ಬೇರೆ ಐದು ತಪ್ಪುಗಳು ಒಟ್ಟಿಗೆ ಸಿಕ್ಕವು. ಎಲ್ಲದರ ಬುಡ ಮಾತ್ರ ಒಂದೇ: ವ್ಯವಸ್ಥೆಯನ್ನು ನೋಡಲಿಕ್ಕೆ ಅಂತ ಹಾಕಿದ್ದರು, ತೆಗೆದುಕೊಡಲಿಕ್ಕೆ ಅಂತ ಅಲ್ಲ. ಟಿವಿಯಲ್ಲಿ ಚಿತ್ರ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ನಮ್ಮಲ್ಲಿ ಬಹುತೇಕ ಕಡೆ ನಡೆದುಬಂದ ರೂಢಿ.

ಗೇಟಿನ ಕ್ಯಾಮೆರಾ ಏಕೆ ಸಾಯುತ್ತಿತ್ತು

ಹಳೆಯ ರೆಕಾರ್ಡಿಂಗ್ ತಿರುವಿದಾಗ ಕಂಡದ್ದು ವಿಚಿತ್ರ. ಬೆಳಗಿನ ಆರೂವರೆಯಿಂದ ಸಂಜೆ ಆರೂವರೆತನಕ ಗೇಟಿನ ಚಾನೆಲ್ಲಿನ ಪಟ್ಟಿ ಉದ್ದಕ್ಕೂ ತುಂಬಿದೆ. ಆಮೇಲೆ ಇಡೀ ರಾತ್ರಿ ಅರ್ಧರ್ಧ ನಿಮಿಷದ ಚೂರುಗಳು, ನಡುನಡುವೆ 'ವಿಡಿಯೋ ಲಾಸ್'. ಕತ್ತಲಾದ ಮೇಲೆ ಗೇಟಿನ ಬಳಿ ನಿಂತು ನೋಡಿದರೆ ವಿಷಯ ಕಣ್ಣಿಗೇ ಬೀಳುತ್ತದೆ: ಲೆನ್ಸಿನ ಸುತ್ತ ಕತ್ತಲಲ್ಲಿ ನೋಡಲೆಂದು ಇರುವ ಐಆರ್ (ಅವಗೆಂಪು) ಎಲ್‌ಇಡಿಗಳಲ್ಲಿ ನಸುಗೆಂಪು ಮಿನುಗು ಬರುತ್ತದೆ, ಒಂದು ಕ್ಷಣಕ್ಕೆ ಆರುತ್ತದೆ, ಮುಕ್ಕಾಲು ನಿಮಿಷ ಸುಮ್ಮನಿದ್ದು ಮತ್ತೆ ಬರುತ್ತದೆ.

ಕ್ಯಾಮೆರಾ ಕೆಟ್ಟಿರಲಿಲ್ಲ. ಅಲ್ಲಿಗೆ ಹೋಗಿದ್ದು 3+1 ಕೇಬಲ್, ಅಂದರೆ ಚಿತ್ರಕ್ಕೆ ಒಂದು ಕೊಆಕ್ಸಿಯಲ್ ತಂತಿ, ಕರೆಂಟು ಮತ್ತು ಆಡಿಯೋಗೆ ಮೂರು ಸಣ್ಣ ತಂತಿ. ಕ್ಯಾಮೆರಾಗಳಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಮನೆಯೊಳಗೆ; ಅಲ್ಲಿಂದ 12 ವೋಲ್ಟ್ ಈ ಸಣ್ಣ ತಂತಿಗಳಲ್ಲೇ 70 ಮೀಟರ್ ಸಾಗಬೇಕು. ಪರೀಕ್ಷೆ ಸುಲಭ. ಕರೆಂಟು ತೆಗೆದು, ಎರಡೂ ತುದಿ ಬಿಚ್ಚಿ, ಗೇಟಿನ ತುದಿಯಲ್ಲಿ ಕೆಂಪು–ಕಪ್ಪು ತಂತಿಗಳನ್ನು ಒಂದಕ್ಕೊಂದು ತಿರುಚಬೇಕು. ಮನೆಯ ತುದಿಯಲ್ಲಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಓದಬೇಕು. ಬಂದದ್ದು 15 ಓಮ್. ತಂತಿಯನ್ನು ಬ್ಲೇಡಿನಿಂದ ಕೆರೆದರೆ ತಾಮ್ರದ ಲೇಪದ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಅದೇ ದಪ್ಪದ ಅಪ್ಪಟ ತಾಮ್ರಕ್ಕಿಂತ ಇದರ ರೋಧ ಸುಮಾರು ಒಂದೂವರೆ ಪಟ್ಟು.

ಇನ್ನು ಲೆಕ್ಕ. ಹಗಲಿನಲ್ಲಿ ಕ್ಯಾಮೆರಾ ಎಳೆಯುವುದು 0.15 ಆಂಪಿಯರ್. 15 ಓಮ್‌ಗೆ 2.25 ವೋಲ್ಟ್ ಸೋರಿ, ಗೇಟಿಗೆ ಮುಟ್ಟುವುದು ಸುಮಾರು 9.8 ವೋಲ್ಟ್. ಅಷ್ಟರಲ್ಲಿ ಅದು ಹೇಗೋ ಬದುಕುತ್ತದೆ. ಕತ್ತಲಾಗಿ ಐಆರ್ ಹೊತ್ತಿಕೊಂಡರೆ ಬೇಡಿಕೆ 0.4 ಆಂಪಿಯರ್‌ಗೆ ಏರುತ್ತದೆ, ಸೋರಿಕೆ 6 ವೋಲ್ಟ್, ಉಳಿಯುವುದು 6. ಕ್ಯಾಮೆರಾ ಸಾಯುತ್ತದೆ. ಸತ್ತ ತಕ್ಷಣ ಎಳೆತ ನಿಂತು ವೋಲ್ಟೇಜು ಮತ್ತೆ ಏರುತ್ತದೆ, ಕ್ಯಾಮೆರಾ ಎದ್ದು ಕೂರುತ್ತದೆ, ಕತ್ತಲೆ ಕಂಡು ಐಆರ್ ಹಾಕುತ್ತದೆ, ಮತ್ತೆ ಸಾಯುತ್ತದೆ. ಬೆಳಗಿನವರೆಗೆ ಇದೇ ಆಟ.

ಕೆಲವರು ಇದಕ್ಕೆ ಎಸ್‌ಎಂಪಿಎಸ್ ಒಳಗಿನ ಸಣ್ಣ ತಿರುಪು ತಿರುಗಿಸಿ 13.5 ವೋಲ್ಟ್ ಮಾಡುತ್ತಾರೆ. ಆರು ವೋಲ್ಟಿನ ಕೊರತೆಗೆ ಒಂದೂವರೆ ವೋಲ್ಟ್ ಯಾವ ಮೂಲೆಗೆ? ಮೇಲಿಂದ, ಹತ್ತಿರದ ಕ್ಯಾಮೆರಾಗಳಿಗೂ ಅದೇ ಹೆಚ್ಚಿನ ವೋಲ್ಟೇಜು ಹೋಗಿ ಅವು ಬಿಸಿಯಾಗುತ್ತವೆ.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ಹೊರಟವನಿಗೆ ಇದು ಕಾಣುವುದೇ ಇಲ್ಲ. ಕಾಣಬೇಕಾದರೆ ಹಾಡಹಗಲೇ ಕ್ಯಾಮೆರಾದ ಮುಖಕ್ಕೆ ದಪ್ಪ ಕಪ್ಪು ಬಟ್ಟೆ ಸುತ್ತಬೇಕು. ಬೆಳಕಿನ ಸೆನ್ಸರ್ ಕತ್ತಲೆಂದು ನಂಬಿ ಐಆರ್ ಹಾಕುತ್ತದೆ. ಆಗ ಕ್ಯಾಮೆರಾದ ತುದಿಯಲ್ಲೇ, ಜ್ಯಾಕ್ ಸಿಕ್ಕಿಸಿರುವಾಗಲೇ ವೋಲ್ಟೇಜು ಅಳೆಯಬೇಕು. 11ಕ್ಕಿಂತ ಕೆಳಗೆ ಬಂದರೆ ಅಷ್ಟು ದೂರಕ್ಕೆ ಆ ತಂತಿ ಬೇಡ. ಜ್ಯಾಕ್ ಬಿಚ್ಚಿ ಅಳೆದರೆ ಪ್ರಯೋಜನವಿಲ್ಲ. ಎಳೆತವೇ ಇಲ್ಲದಾಗ ಎಂಥ ತಂತಿಯೂ 12 ತೋರಿಸುತ್ತದೆ.

ಆರು ದಿನದ ಡಿಸ್ಕು

ಡಿವಿಆರ್ ವಿಡಿಯೋ ಕುಗ್ಗಿಸುವ ಎಚ್.264 ವಿಧಾನದಲ್ಲಿ ಪ್ರತಿ ಕ್ಯಾಮೆರಾಗೆ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ನಂತೆ ಬರೆಯುತ್ತಿತ್ತು. ಇಲ್ಲಿ ನೆನಪಿಡಬೇಕಾದ ಅಂಕಿ ಒಂದೇ: 1 ಎಂಬಿಪಿಎಸ್ ಅಂದರೆ ದಿನಕ್ಕೆ 10.8 ಜಿಬಿ. ನಾಲ್ಕು ಕ್ಯಾಮೆರಾ ಸೇರಿ 16 ಎಂಬಿಪಿಎಸ್, ದಿನಕ್ಕೆ ಸುಮಾರು 173 ಜಿಬಿ. 1 ಟಿಬಿ ಡಿಸ್ಕು ಆರನೆಯ ದಿನ ಮುಗಿಯುವ ಮೊದಲೇ ತುಂಬಿ ಹಳೆಯದರ ಮೇಲೆ ಬರೆಯಲು ಶುರುಮಾಡುತ್ತದೆ. ಹಾಕಿಸುವಾಗ ಕೇಳಿದ್ದಕ್ಕೆ 'ಒಂದು ತಿಂಗಳು ಬರ್ತದೆ' ಎಂಬ ಉತ್ತರ ಸಿಕ್ಕಿತ್ತಂತೆ. ಗೇಟಿನ ಕ್ಯಾಮೆರಾ ರಾತ್ರಿಯಿಡೀ ಸತ್ತಿದ್ದರಿಂದ ಒಂದಿಷ್ಟು ಹೊತ್ತು ಹೆಚ್ಚು ಸಿಕ್ಕಿರಬೇಕು, ಅಷ್ಟೇ. ಎಂಟು ದಿನಕ್ಕೆ ಅದೂ ಸಾಲಲಿಲ್ಲ.

ಡಿಸ್ಕು ಕೂಡ ಸಾಧಾರಣ ಡೆಸ್ಕ್‌ಟಾಪಿನದು. ಡೆಸ್ಕ್‌ಟಾಪ್ ಡಿಸ್ಕು ದಿನಕ್ಕೆ ಕೆಲವು ಗಂಟೆ, ಹೆಚ್ಚಾಗಿ ಓದುವ ಕೆಲಸಕ್ಕೆ ಮಾಡಿದ್ದು. ರೆಕಾರ್ಡರಿನಲ್ಲಿ ಅದು ದಿನದ 24 ಗಂಟೆಯೂ ಬರೆಯುತ್ತಲೇ ಇರಬೇಕು. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಇರುವುದೇ ಇದಕ್ಕೆ.

ಎರಡೂವರೆ ಗಂಟೆಯ ಗುಟ್ಟು

ಪರದೆಯಲ್ಲಿ 4:42, ನಿಜವಾದ ಸಮಯ 2:12, ನಾಯಿ ಕೂಗಿದ ಹೊತ್ತು. ಸರಿಯಾಗಿ ಎರಡೂವರೆ ಗಂಟೆ. ಗಡಿಯಾರ ತಪ್ಪಿದಾಗ ಇಂಥ ಬಿಡಿಸಿಟ್ಟ ಅಂತರ ಕಂಡರೆ ಬ್ಯಾಟರಿಯನ್ನು ಅನುಮಾನಿಸಬೇಡಿ, ಟೈಮ್ ಝೋನ್ ನೋಡಿ. ಎಷ್ಟೋ ರೆಕಾರ್ಡರುಗಳು ಪೆಟ್ಟಿಗೆಯಿಂದ ಬರುವಾಗ ಚೀನಾದ ಜಿಎಂಟಿ +8ರಲ್ಲಿ ಇರುತ್ತವೆ, ನಮ್ಮದು +5:30. ಹಾಕುವವರು ಸಮಯವನ್ನು ಕೈಯಿಂದ ತಿದ್ದಿ ಹೋಗುತ್ತಾರೆ. ಇಂಟರ್‌ನೆಟ್ ಸಿಕ್ಕಿದ ಕೂಡಲೇ ರೆಕಾರ್ಡರ್ ಎನ್‌ಟಿಪಿ ಎಂಬ ಸಮಯ ಸೇವೆಯಿಂದ ಸರಿಯಾದ ಜಿಎಂಟಿ ಸಮಯ ತಂದು, ಅದಕ್ಕೆ ಎಂಟು ಗಂಟೆ ಕೂಡಿಸಿ ತೋರಿಸುತ್ತದೆ. ಬ್ಯಾಟರಿ ಹೋದ ಲಕ್ಷಣ ಬೇರೆ: ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು 2000ದ ಜನವರಿಗೋ 1970ಕ್ಕೋ ಜಿಗಿಯುತ್ತದೆ, ಒಳಗಿನ ನಾಣ್ಯದಂಥ ಸಿಆರ್2032 ಬದಲಿಸಿದರೆ ಮುಗಿಯಿತು.

ಪೊಲೀಸರಿಗೆ ಕೊಡುವ ದೃಶ್ಯದಲ್ಲಿ ಸಮಯ ಹೊಂದದಿದ್ದರೆ ಮೊಬೈಲ್ ಟವರಿನ ದಾಖಲೆ, ಚೆಕ್‌ಪೋಸ್ಟಿನ ದೃಶ್ಯ ಯಾವುದಕ್ಕೂ ತಾಳೆ ಹಾಕಲಾಗದು. ವ್ಯತ್ಯಾಸ ಇದ್ದೇ ಇದ್ದರೆ ತಿದ್ದುವ ಮೊದಲು ರೆಕಾರ್ಡರಿನ ಪರದೆ ಮತ್ತು ಸರಿಯಾದ ಸಮಯ ತೋರಿಸುವ ಮೊಬೈಲನ್ನು ಒಟ್ಟಿಗೆ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಮೊದಲೇ ತಿದ್ದಿಬಿಟ್ಟರೆ ಹಳೆಯ ದೃಶ್ಯದ ಅಂತರಕ್ಕೆ ಆಧಾರವೇ ಇರುವುದಿಲ್ಲ.

ಮುಖ ಏಕೆ ಬರಲಿಲ್ಲ

ಅಂಗಳದ ಕ್ಯಾಮೆರಾ ಮಾಡಿನ ತುದಿಯಲ್ಲಿ 14 ಅಡಿ ಎತ್ತರದಲ್ಲಿತ್ತು. ಅಲ್ಲಿಂದ ಮನುಷ್ಯರ ನೆತ್ತಿ ಕಾಣುತ್ತದೆ. ಮಳೆ ಹನಿಯುತ್ತಿದ್ದರೆ ಕೊಡೆಯ ನೆತ್ತಿ. ಮಲೆನಾಡಿನಲ್ಲಿ ವರ್ಷದ ಅರ್ಧ ಭಾಗ ಕೊಡೆ ಕೈಯಲ್ಲೇ ಇರುವಾಗ ಮುಖಕ್ಕೆಂದು ಇಡುವ ಕ್ಯಾಮೆರಾ 8–9 ಅಡಿಗಿಂತ ಮೇಲೆ ಹೋಗಬಾರದು.

ಎತ್ತರದಷ್ಟೇ ಲೆನ್ಸೂ ಮುಖ್ಯ. ಗುರುತು ಸಿಗದ ವ್ಯಕ್ತಿಯ ಮುಖ ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. 1920 ಪಿಕ್ಸೆಲ್ ಅಗಲದ 2 ಎಂಪಿ ಕ್ಯಾಮೆರಾಗೆ ಎಲ್ಲೆಡೆ ಹಾಕುವ 2.8 ಎಂಎಂ ಲೆನ್ಸು ಇದ್ದರೆ ಆ ಸಾಂದ್ರತೆ ಸುಮಾರು ಮೂರು ಮೀಟರಿಗೇ ಮುಗಿಯುತ್ತದೆ. ಅದರಾಚೆ 'ಯಾರೋ ಒಬ್ಬ'. 4 ಎಂಪಿಗೆ 6 ಎಂಎಂ ಲೆನ್ಸು ಹಾಕಿದರೆ ನೋಟದ ಅಗಲ ಅರ್ಧಕ್ಕಿಳಿಯುತ್ತದೆ, ಆದರೆ ಮುಖ ಹತ್ತು ಮೀಟರ್ ದಾಟಿಯೂ ಸಿಗುತ್ತದೆ. ಅಂಗಳ ಪೂರ್ತಿ ಕಾಣಬೇಕು, ಮುಖವೂ ಬೇಕು ಎಂದರೆ ಅದು ಎರಡು ಕ್ಯಾಮೆರಾದ ಕೆಲಸ.

ಹೊಸದಾಗಿ ಕಟ್ಟಿದ್ದು

ಎಲ್ಲವನ್ನೂ ಕಿತ್ತೆಸೆದು ಎನ್‌ವಿಆರ್ (ನೆಟ್‌ವರ್ಕ್ ಕೇಬಲಿನ ಐಪಿ ಕ್ಯಾಮೆರಾಗಳ ರೆಕಾರ್ಡರ್) ಹಾಕಿಸಿ ಎಂದು ಹೇಳುವುದು ಸುಲಭ, ಮಾರುವವರಿಗೆ ಲಾಭ. ಈ ಮನೆಗೆ ಅದು ಬೇಕಿರಲಿಲ್ಲ. ಮನೆಯ ಹತ್ತಿರದ ಮೂರು ಅನಲಾಗ್ ಕ್ಯಾಮೆರಾಗಳ ತಂತಿಯ ಉದ್ದ 15ರಿಂದ 25 ಮೀಟರ್ ಒಳಗೇ ಇದ್ದು, ರಾತ್ರಿ ಚಿತ್ರವೂ ಚೆನ್ನಾಗಿತ್ತು. ಅನಲಾಗಿನಲ್ಲಿ ವಿಡಿಯೋವನ್ನು ಕುಗ್ಗಿಸುವುದು ಕ್ಯಾಮೆರಾ ಅಲ್ಲ, ರೆಕಾರ್ಡರ್. ಹಾಗಾಗಿ ರೆಕಾರ್ಡರ್ ಒಂದನ್ನು ಇನ್ನೂ ಹೆಚ್ಚು ಕುಗ್ಗಿಸುವ ಎಚ್.265 ಬಲ್ಲ, ಅನಲಾಗ್–ಐಪಿ ಎರಡೂ ಹಿಡಿಯುವ ಮಿಶ್ರ ಮಾದರಿಗೆ, ಅಂದರೆ ಎಕ್ಸ್‌ವಿಆರ್‌ಗೆ ಬದಲಿಸಿದರೆ ಹಳೆಯ ಕ್ಯಾಮೆರಾಗಳೂ ಕಡಿಮೆ ಜಾಗದಲ್ಲಿ ಬರೆಸಿಕೊಳ್ಳುತ್ತವೆ. ಇದು ಬಹಳ ಜನರಿಗೆ ಗೊತ್ತಿಲ್ಲದ ಉಳಿತಾಯ.

ತಂದದ್ದು ಇಷ್ಟು: 8 ಚಾನೆಲ್ಲಿನ ಎಕ್ಸ್‌ವಿಆರ್ ಒಂದು, 4 ಟಿಬಿ ಕಣ್ಗಾವಲು ಡಿಸ್ಕು ಒಂದು, 4 ಎಂಪಿ ಐಪಿ ಕ್ಯಾಮೆರಾ ಮೂರು (ಗೇಟಿಗೆ 6 ಎಂಎಂ, ಅಂಗಳಕ್ಕೆ 4 ಎಂಎಂ, ಉಗ್ರಾಣದ ಬಾಗಿಲಿಗೆ 2.8 ಎಂಎಂ), ನಾಲ್ಕು ಪಿಒಇ ಪೋರ್ಟಿನ (ಒಂದೇ ಕೇಬಲಿನಲ್ಲಿ ಚಿತ್ರ, ಕರೆಂಟು ಎರಡೂ ಸಾಗುವ) ಸ್ವಿಚ್, ಅಪ್ಪಟ ತಾಮ್ರದ ಹೊರಾಂಗಣ ಕ್ಯಾಟ್6 ಕೇಬಲ್ 150 ಮೀಟರ್, ಒಂದಿಂಚಿನ ಕರಿ ಪೈಪು 80 ಮೀಟರ್, ಸಿಡಿಲಿನ ಹೊಡೆತ ತಡೆಯುವ ಪಿಒಇ ಸರ್ಜ್ ಪ್ರೊಟೆಕ್ಟರ್ ಮೂರು (ಎರಡು ಹಾಕಲು, ಒಂದು ಹೆಚ್ಚುವರಿ), ಬೀಗವಿರುವ ಗೋಡೆ ರ‍್ಯಾಕು. ಗೇಟಿನ ಹಳೆಯ ಕ್ಯಾಮೆರಾ ಕೊಟ್ಟಿಗೆಗೆ ಹೋಗಬಹುದು, ಸದ್ಯ ಅಟ್ಟದಲ್ಲಿದೆ. ಭಾರತದಲ್ಲಿ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆ ಕಡ್ಡಾಯವಾಗಿರುವುದರಿಂದ, ಹಳೆಯ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಆ ಮಾದರಿ ಪರೀಕ್ಷೆ ದಾಟಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಗೇಟಿನವರೆಗೆ, ಮನೆಯೊಳಗಿನ ತಿರುವುಗಳೂ ಸೇರಿ, ಕೇಬಲಿನ ಉದ್ದ 85 ಮೀಟರ್. ಈಥರ್‌ನೆಟ್ಟಿನ ಮಿತಿ 100. ಪಿಒಇ ಸುಮಾರು 48 ವೋಲ್ಟಿನಲ್ಲಿ ಕಳಿಸುವುದರಿಂದ 6 ವ್ಯಾಟಿನ ಕ್ಯಾಮೆರಾ ಎಳೆಯುವುದು 0.125 ಆಂಪಿಯರ್ ಮಾತ್ರ. ದಾರಿಯಲ್ಲಿ ಸೋರುವುದು ಒಂದು ವೋಲ್ಟಿಗಿಂತ ಕಡಿಮೆ, ಅದೂ 48ರಲ್ಲಿ. ಹಿಂದೆ 12ರಲ್ಲಿ 6 ಸೋರುತ್ತಿದ್ದುದಕ್ಕೆ ಇದನ್ನು ಹೋಲಿಸಿ ನೋಡಿ.

ಪೈಪನ್ನು ಎರಡು ಅಡಿ ಆಳದಲ್ಲಿ ಹೂಳಲಾಯಿತು. ಅರ್ಧ ಅಡಿ ಸಾಕು ಅನ್ನುವವರು ಇದ್ದಾರೆ. ತೋಟದಂಚಿನಲ್ಲಿ ಅರ್ಧ ಅಡಿಯದನ್ನು ಕಾಡುಹಂದಿ ಒಂದೇ ರಾತ್ರಿಯಲ್ಲಿ ಎಬ್ಬಿಸಿ ಹಾಕುತ್ತದೆ. ಪಂಪಿನ ಕರೆಂಟು ತಂತಿಯಿಂದ ಒಂದಡಿ ಸರಿಸಿ, ಕೇಬಲ್ ಜೊತೆಗೆ ಒಂದು ನೈಲಾನ್ ಹಗ್ಗವನ್ನೂ ಪೈಪಿನೊಳಗೆ ಬಿಟ್ಟಿದೆ. ಮುಂದೆ ಇನ್ನೊಂದು ಕೇಬಲ್ ಬೇಕಾದರೆ ಅಗೆಯುವ ಕೆಲಸ ತಪ್ಪುತ್ತದೆ.

ಕ್ಯಾಮೆರಾದ ಬಾಲಕ್ಕೂ ಕೇಬಲ್ಲಿಗೂ ಕೂಡುವ ಆರ್‌ಜೆ45 ಜಾಯಿಂಟನ್ನು ಬಯಲಿಗೆ ಬಿಡುವಂತಿಲ್ಲ. ಒಳಗೆ ತೇವ ಹೋದರೆ ಪಿಒಇ ಕರೆಂಟು ಹರಿಯುವ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಒಂದೇ ಮಳೆಗಾಲದಲ್ಲಿ ತಿಂದುಹಾಕುತ್ತದೆ. ಪೆಟ್ಟಿಗೆಯಲ್ಲಿ ಬರುವ ರಬ್ಬರಿನ ಜಲನಿರೋಧಕ ಟೊಪ್ಪಿಯನ್ನು ಹೆಚ್ಚಿನವರು ಬಿಸಾಡುತ್ತಾರೆ. ಪ್ಲಗ್ಗು ಒತ್ತುವ ಮೊದಲೇ ಅದನ್ನು ಕೇಬಲಿಗೆ ಪೋಣಿಸಬೇಕು, ಆಮೇಲೆ ತೂರಿಸಲು ಬರುವುದಿಲ್ಲ. ಜಾಯಿಂಟು ಪಿವಿಸಿ ಪೆಟ್ಟಿಗೆಯೊಳಗೆ, ಕೇಬಲ್ ಪೆಟ್ಟಿಗೆಯ ಕೆಳಗಿನಿಂದ ಒಳಗೆ, ಅದಕ್ಕೂ ಮುಂಚೆ ಕೇಬಲಿಗೆ ಒಂದು ಗೇಣಿನಷ್ಟು ಇಳಿಬಿಟ್ಟ ಬಳುಕು, ಹನಿ ಅಲ್ಲೇ ಕೆಳಗೆ ಬೀಳಲಿ ಅಂತ. ತೂತುಗಳಿಗೆ ಸಿಲಿಕೋನ್ ಹಚ್ಚದಿದ್ದರೆ ನೀರಿಗಿಂತ ಮೊದಲು ಇರುವೆ ಮನೆ ಮಾಡುತ್ತದೆ.

ಸಿಡಿಲಿನ ವಿಷಯ

ಏಪ್ರಿಲ್–ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ಗೇಟಿನವರೆಗಿನ 85 ಮೀಟರ್ ತಾಮ್ರ ಅಂದರೆ ಬಾಗಿಲು ತೆರೆದು ಕರೆದಂತೆ. ಹತ್ತಿರದಲ್ಲಿ ಎಲ್ಲೋ ಬಡಿದರೂ ತಂತಿಯಲ್ಲಿ ಏಳುವ ಹೆಚ್ಚುವರಿ ವೋಲ್ಟೇಜು ಸ್ವಿಚ್ಚಿನ ಮೂಲಕ ರೆಕಾರ್ಡರಿಗೇ ಬರುತ್ತದೆ. ಇದಕ್ಕೆ ಸರಿಯಾದ ಉತ್ತರ ಆಪ್ಟಿಕಲ್ ಫೈಬರ್. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಗೇಟಿನ ಬಳಿ ಕ್ಯಾಮೆರಾಗೆ ಕರೆಂಟು ಬೇಕೇಬೇಕು, ಅಲ್ಲಿ ಲೈನ್ ಇಲ್ಲ, ಎಳೆದರೆ ಅದೂ ತಾಮ್ರವೇ. ಸೋಲಾರ್ ಪ್ಯಾನೆಲ್ ಇಡಬಹುದಿತ್ತು. ಆಷಾಢದ ಮಳೆ ನೆನೆದು ಆ ಆಲೋಚನೆ ಕೈಬಿಡಲಾಯಿತು. ಹಾಗಾಗಿ ತಾಮ್ರಕ್ಕೇ ಎರಡೂ ತುದಿಯಲ್ಲಿ ಸರ್ಜ್ ಪ್ರೊಟೆಕ್ಟರ್.

ಪ್ರೊಟೆಕ್ಟರಿನಿಂದ ಹೊರಬರುವ ಹಸಿರು ತಂತಿಯನ್ನು ಸುಮ್ಮನೆ ಸುತ್ತಿ ಬಿಟ್ಟರೆ ಅದು ಬರೀ ಪ್ಲಾಸ್ಟಿಕ್ ಡಬ್ಬಿ. ಮನೆಯ ತುದಿಯದು ಮನೆಯ ಮುಖ್ಯ ಅರ್ಥಿಂಗಿಗೆ ಸೇರಿತು. ಗೇಟಿಗೆ ಬೇರೆಯೇ ರಾಡ್ ಇಳಿಸಿ, ಉಪ್ಪು–ಇದ್ದಿಲು ತುಂಬಿ, ತಂತಿಯನ್ನು ಗಿಡ್ಡವಾಗಿ, ನೇರವಾಗಿ ಕೊಡಲಾಯಿತು. ಮನೆಯ ಅರ್ಥಿಂಗ್ ಪರೀಕ್ಷಿಸಿದಾಗ ಪ್ಲಗ್ಗಿನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ 19 ವೋಲ್ಟ್ ಬಂತು. ಎರಡು ಮೂರಕ್ಕಿಂತ ಹೆಚ್ಚು ಇರಬಾರದು. ಜಂಬಿಟ್ಟಿಗೆ ಮಣ್ಣು, ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಗುಂಡಿ ತೋಡಿ ಹೊಸ ಕ್ಲ್ಯಾಂಪ್ ಹಾಕಿ, ನೀರು ಸುರಿಯಲು ಒಂದು ಪೈಪು ಬಿಟ್ಟ ಮೇಲೆ 2 ವೋಲ್ಟಿಗೆ ಇಳಿಯಿತು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು. ನೇರವಾಗಿ ಕ್ಯಾಮೆರಾದ ಕಂಬಕ್ಕೇ ಸಿಡಿಲು ಬಡಿದರೆ ಇದ್ಯಾವುದೂ ಉಳಿಸದು.

ಸೆಟ್ಟಿಂಗು

ರೆಕಾರ್ಡರನ್ನು ಟಿವಿ ಸ್ಟ್ಯಾಂಡಿನಿಂದ ಎಬ್ಬಿಸಿ ಒಳಕೋಣೆಯ ರ‍್ಯಾಕಿಗೆ ಹಾಕಿದೆ. ಕಳ್ಳ ಮೊದಲು ಹುಡುಕುವುದು ಟಿವಿಯ ಕೆಳಗೆ. ಅಟ್ಟ ಬೇಡ ಎಂದದ್ದು ಒಲೆಯ ಹೊಗೆ ಮತ್ತು ಹೆಂಚಿನ ಬಿಸಿಗಾಗಿ. 'ಟಿವಿಯಲ್ಲಿ ಕಾಣಲೇಬೇಕು' ಎಂಬ ಮನೆಯವರ ಹಟಕ್ಕೆ 10 ಮೀಟರಿನ ಎಚ್‌ಡಿಎಂಐ ಕೇಬಲ್. ಹಟ ಸರಿಯಾದದ್ದೇ; ದಿನಾ ಕಣ್ಣಿಗೆ ಬೀಳುವ ಚಿತ್ರ ಹೋದರೆ ಬೇಗ ತಿಳಿಯುತ್ತದೆ.

ಡಿಸ್ಕನ್ನು ರೆಕಾರ್ಡರಿನಲ್ಲೇ ಫಾರ್ಮ್ಯಾಟ್ ಮಾಡಿ, 'ಓವರ್‌ರೈಟ್' ಆನ್. ಟೈಮ್ ಝೋನ್ +5:30, ಡಿಎಸ್‌ಟಿ (ಬೇಸಿಗೆಯಲ್ಲಿ ಗಡಿಯಾರ ಮುಂದೆ ಸರಿಸುವುದು) ಆಫ್, ಎನ್‌ಟಿಪಿ ದಿನಕ್ಕೊಮ್ಮೆ. ಐಪಿ ಕ್ಯಾಮೆರಾಗಳು ರೆಕಾರ್ಡರಿನ ಗಡಿಯಾರವನ್ನೇ ಅನುಸರಿಸುವಂತೆ ಮಾಡಿದೆ. ಖಾಲಿ ಅನಲಾಗ್ ಚಾನೆಲ್ಲುಗಳಲ್ಲಿ ಮೂರನ್ನು ಐಪಿಗೆ ಬದಲಿಸಿದರೆ ರೆಕಾರ್ಡರ್ ಒಮ್ಮೆ ತಾನೇ ಮರುಚಾಲೂ ಆಗುತ್ತದೆ, ಗಾಬರಿ ಬೇಡ. ರೌಟರ್ 192.168.1.1, ರೆಕಾರ್ಡರಿಗೆ .50, ಕ್ಯಾಮೆರಾಗಳಿಗೆ .51, .52, .53 ಎಂದು ಸ್ಥಿರ ವಿಳಾಸ. ರೌಟರ್ ತಾನಾಗಿ ಹಂಚುವ ವಿಳಾಸಗಳು .100ರಿಂದ ಶುರುವಾಗುವಂತೆ ಮಾಡಿ, ಎರಡು ಸಾಧನಕ್ಕೆ ಒಂದೇ ವಿಳಾಸ ಬೀಳದಂತೆ ನೋಡಿಕೊಳ್ಳಬೇಕು. ಕ್ಯಾಮೆರಾಗಳಲ್ಲಿ ಗೇಟ್‌ವೇ (ಇಂಟರ್‌ನೆಟ್ಟಿಗೆ ಹೋಗುವ ದಾರಿ) ಜಾಗದಲ್ಲಿ ನಿಜವಾದ ವಿಳಾಸ ಕೊಟ್ಟಿಲ್ಲ. ಅವು ರೆಕಾರ್ಡರಿನ ಜೊತೆ ಮಾತಾಡಿದರೆ ಸಾಕು, ಜಗತ್ತಿನ ಜೊತೆ ಬೇಕಿಲ್ಲ.

ಬಿಟ್‌ರೇಟು: ಅನಲಾಗ್ ಮೂರಕ್ಕೆ ತಲಾ 1.5 ಎಂಬಿಪಿಎಸ್, ಐಪಿ ಮೂರಕ್ಕೆ ತಲಾ 2.5, ಎಲ್ಲವೂ ಎಚ್.265, ಸೆಕೆಂಡಿಗೆ 15 ಫ್ರೇಮ್. ಒಟ್ಟು 12 ಎಂಬಿಪಿಎಸ್, ದಿನಕ್ಕೆ 129.6 ಜಿಬಿ, 4 ಟಿಬಿಗೆ 30 ದಿನ. ಇವು ಗರಿಷ್ಠ ಮಿತಿಗಳು. ಮಿತಿ ಹಾಕದೆ ಬಿಟ್ಟರೆ ಗಾಳಿಗೆ ಓಲಾಡುವ ಅಡಿಕೆ ಮರ, ಜಡಿಮಳೆ, ರಾತ್ರಿಯ ಚುಕ್ಕೆಚುಕ್ಕೆ ಗದ್ದಲ ಎಲ್ಲವೂ 'ಚಲನೆ' ಎಂದೇ ಲೆಕ್ಕವಾಗಿ ಡಿಸ್ಕು ನುಂಗುತ್ತವೆ. ಅದೇ ಕಾರಣಕ್ಕೆ 'ಚಲನೆ ಇದ್ದಾಗ ಮಾತ್ರ ರೆಕಾರ್ಡ್' ಎಂಬುದನ್ನು ನಂಬಿಲ್ಲ. ದಿನವಿಡೀ ಬರೆಯುತ್ತಲೇ ಇರಲಿ. ಮನುಷ್ಯ–ವಾಹನ ಪತ್ತೆ ಬರೀ ಗುರುತು ಹಾಕಲಿ, ಹುಡುಕುವಾಗ ಸುಲಭವಾಗುತ್ತದೆ. ಗೇಟಿನ ಕ್ಯಾಮೆರಾಗೆ 128 ಜಿಬಿ ಮೈಕ್ರೋ ಎಸ್‌ಡಿ ಕಾರ್ಡೂ ಇದೆ. ರೆಕಾರ್ಡರನ್ನೇ ಹೊತ್ತೊಯ್ದರೂ ನಾಲ್ಕೂವರೆ ದಿನದ್ದು ಅಲ್ಲಿ ಉಳಿಯುತ್ತದೆ.

ಪಾಸ್‌ವರ್ಡಿನ ಕಥೆ ಬೇರೆ. ಹಳೆಯ ಡಿವಿಆರ್ ಮೊಬೈಲ್ ಆ್ಯಪಿನಲ್ಲಿ ಹಾಕಿಕೊಟ್ಟವನ ಖಾತೆಗೇ ಕಟ್ಟಿಕೊಂಡಿತ್ತು. ಮನೆಯವರಿಗೆ ಅವನು 'ಹಂಚಿದ್ದ', ಅಷ್ಟೇ. ಎರಡು ವರ್ಷ ಅವನು ಬೇಕೆಂದಾಗ ಈ ಅಂಗಳ ನೋಡಬಹುದಿತ್ತು. ಕೆಟ್ಟ ಉದ್ದೇಶ ಇಲ್ಲದಿರಬಹುದು, ಆದರೂ ಇದು ಸಲ್ಲದು. ಈಗ ಕ್ಯೂಆರ್ ಕೋಡನ್ನು ಮಗನ ಫೋನಿನಿಂದಲೇ ಸ್ಕ್ಯಾನ್ ಮಾಡಿಸಿ ನೋಂದಾಯಿಸಿದೆ. ಅಡ್ಮಿನ್ ಪಾಸ್‌ವರ್ಡ್ ಕಾಗದದಲ್ಲಿ ಬರೆದು ಬೀರುವಿನಲ್ಲಿ. ದಿನಬಳಕೆಗೆ ನೋಡಲು ಮತ್ತು ತೆಗೆಯಲು ಮಾತ್ರ ಬರುವ ಇನ್ನೊಂದು ಖಾತೆ. ಹೊರಗಿನವರಿಗೆ ದಾರಿ ತೆರೆಯದಂತೆ ರೌಟರಿನಲ್ಲಿ ಯುಪಿಎನ್‌ಪಿ ಆಫ್, ಪೋರ್ಟ್ ಫಾರ್ವರ್ಡಿಂಗ್ ಇಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಇಂಟರ್‌ನೆಟ್ ದಾಳಿಗೆ ಸೇನೆ ಕಟ್ಟಿದ್ದು ಇಂಥ ಡಿವಿಆರ್ ಮತ್ತು ಕ್ಯಾಮೆರಾಗಳಿಂದಲೇ. ಕಾರ್ಖಾನೆಯ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ.

ಕರೆಂಟಿಗೆ ಮನೆಯ ಇನ್ವರ್ಟರೇ ಸಾಕಾಯಿತು. ಒಟ್ಟು ಹೊರೆ, ಫೈಬರ್ ರೌಟರೂ ಸೇರಿ, 62 ವ್ಯಾಟ್. 150 ಎಎಚ್ ಬ್ಯಾಟರಿಯಲ್ಲಿ ಬರಿಯ ಇದೊಂದೇ ಇದ್ದರೆ ಹನ್ನೆರಡು ಗಂಟೆ ದಾಟುತ್ತದೆ. ಫ್ಯಾನು, ದೀಪ ಸೇರಿದರೆ ಕಡಿಮೆ. ಒಂದು ತೊಡಕು: ಕರೆಂಟು ಹೋದಾಗಲೆಲ್ಲ ರೆಕಾರ್ಡರ್ ಆರಿ ಹೊತ್ತಿಕೊಳ್ಳುತ್ತಿತ್ತು, ಪ್ರತಿ ಸಲ ಒಂದೂವರೆ ನಿಮಿಷ ನಷ್ಟ. ಇನ್ವರ್ಟರಿನ ಹಿಂದಿನ ಸಣ್ಣ ಸ್ವಿಚ್ಚು 'ಇಕೋ'ದಲ್ಲಿತ್ತು. ಅದನ್ನು 'ಯುಪಿಎಸ್'ಗೆ ತಳ್ಳಿದ ಮೇಲೆ ಬದಲಾವಣೆ ಬೇಗ ಆಗಿ ರೆಕಾರ್ಡರಿಗೆ ಗೊತ್ತೇ ಆಗುವುದಿಲ್ಲ.

ಯಾರೂ ಯೋಚಿಸದ ಚಪ್ಪರ

ಅಂಗಳದ ಕ್ಯಾಮೆರಾಗೆ 9 ಅಡಿಯಲ್ಲಿ ಜಾಗ ಗುರುತು ಮಾಡಿ ಡ್ರಿಲ್ ಹಿಡಿದಾಗ ಯಜಮಾನರು ತಡೆದರು. ಸುಗ್ಗಿ ಬಂತೆಂದರೆ ಅಂಗಳಕ್ಕೆ ಅಡಿಕೆ ದಬ್ಬೆಯ ಚಪ್ಪರ ಏಳುತ್ತದೆ, ಅಡಿಕೆ ಒಣಗುವುದು ಅದರ ಮೇಲೆ. 9 ಅಡಿಯ ಕ್ಯಾಮೆರಾಗೆ ವರ್ಷದ ಮುಖ್ಯ ನಾಲ್ಕು ತಿಂಗಳು ಚಪ್ಪರದ ಅಂಚೇ ದೃಶ್ಯ. ಕೊನೆಗೆ 4 ಎಂಎಂ ಕ್ಯಾಮೆರಾವನ್ನು 12 ಅಡಿಗೆ ಏರಿಸಿ ಚಪ್ಪರದ ಮೇಲ್ಭಾಗಕ್ಕೆ ತಿರುಗಿಸಿದ್ದು, ಮುಖ ಹಿಡಿಯುವ ಕೆಲಸವನ್ನು ಚಪ್ಪರದ ಕೆಳಗೆ ಬರುವ ಉಗ್ರಾಣದ ಬಾಗಿಲಿನ ಕ್ಯಾಮೆರಾಗೆ ಒಪ್ಪಿಸಿದ್ದು. ಬಾಗಿಲಿಗೂ ಅದಕ್ಕೂ ಅಂತರ ಮೂರೇ ಮೀಟರ್, ಹಾಗಾಗಿ 2.8 ಎಂಎಂ ಸಾಕು. ಪಕ್ಕದ ಮನೆಯ ಬಚ್ಚಲಿನ ದಾರಿ ದೃಶ್ಯದ ಮೂಲೆಯಲ್ಲಿ ಬೀಳುತ್ತಿತ್ತು. ಅಷ್ಟು ಭಾಗಕ್ಕೆ ಪ್ರೈವೆಸಿ ಮಾಸ್ಕ್ ಹಾಕಿ ಆ ಮನೆಯವರಿಗೆ ಟಿವಿಯಲ್ಲೇ ತೋರಿಸಲಾಯಿತು.

ರಾತ್ರಿ ಇನ್ನೊಂದು ಕಾಟ: ಐಆರ್ ಬೆಳಕಿಗೆ ಹುಳು, ಹುಳುವಿಗೆ ಜೇಡ. ಲೆನ್ಸಿಗೆ ಅಂಟಿದಂತೆ ಒಂದೇ ಎಳೆ ಬಲೆ ಇದ್ದರೂ ರಾತ್ರಿ ಅದು ಬೆಳ್ಳಿ ಹಗ್ಗದಂತೆ ಹೊಳೆದು ಇಡೀ ಚಿತ್ರ ಮಂಕಾಗುತ್ತದೆ. ಇದಕ್ಕೆ ಶಾಶ್ವತ ಔಷಧಿ ಇಲ್ಲ. ಉದ್ದ ಕೋಲಿಗೆ ಹಳೆಯ ಪೇಂಟ್ ಬ್ರಷ್ ಕಟ್ಟಿಟ್ಟಿದ್ದಾರೆ.

ತೆಗೆದು ತೋರಿಸು

ಹಣ ಕೊಡುವ ಮೊದಲು ನಡೆದ ಪರೀಕ್ಷೆ ಹೀಗೆ. ರಾತ್ರಿ ಎಂಟಕ್ಕೆ ಮಗ ಗೇಟಿನಿಂದ ಉಗ್ರಾಣದವರೆಗೆ ಕೊಡೆ ಹಿಡಿದು ನಡೆದ. ಮರುದಿನ ಬೆಳಿಗ್ಗೆ ಅವನ ತಂದೆಯೇ, ಬೇರೆಯವರ ಸಹಾಯ ಇಲ್ಲದೆ, ಆ ಎರಡು ನಿಮಿಷ ಹುಡುಕಿ ಪೆನ್‌ಡ್ರೈವಿಗೆ ತೆಗೆಯಬೇಕು. ಮೊದಲ ಸಲ ಪೆನ್‌ಡ್ರೈವನ್ನು ರೆಕಾರ್ಡರ್ ಗುರುತಿಸಲಿಲ್ಲ: 64 ಜಿಬಿಯದು, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್. 32 ಜಿಬಿಯದನ್ನು ಫ್ಯಾಟ್32ಕ್ಕೆ ಮಾಡಿದಾಗ ಹಿಡಿಯಿತು. ಅದೀಗ ರ‍್ಯಾಕಿನಲ್ಲೇ ದಾರಕ್ಕೆ ಕಟ್ಟಿದೆ. ಎರಡನೆಯ ಸಲ ಬಂದ ಕಡತ ಕಂಪನಿಯ ಪ್ಲೇಯರಿನಲ್ಲಿ ಮಾತ್ರ ಓಡುವಂಥದ್ದು. ಎಂಪಿ4 ಆಯ್ಕೆ ಮಾಡಿದ ಮೇಲೆ ಮೊಬೈಲಿನಲ್ಲೂ ಓಡಿತು. ಮೂಲ ರೂಪದ ಕಡತವನ್ನೂ ಜೊತೆಗೆ ತೆಗೆದಿಡುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ವಾಟ್ಸ್ಆ್ಯಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಮತ್ತೆ ಕುಗ್ಗಿ ಬೇರೆಯೇ ಕಡತವಾಗುತ್ತದೆ, ಹ್ಯಾಶ್ ಹೊಂದುವುದಿಲ್ಲ.

ಒಟ್ಟು ಖರ್ಚು ಅಗೆತದ ಕೂಲಿಯೂ ಸೇರಿ ಅರವತ್ತು ಸಾವಿರದ ಆಸುಪಾಸು. ಬರೀ ರೆಕಾರ್ಡರ್, ಡಿಸ್ಕು, ಟೈಮ್ ಝೋನ್ ಸರಿಪಡಿಸಿ ಗೇಟನ್ನು ಬಿಟ್ಟಿದ್ದರೆ ಅದರ ಮೂರನೇ ಒಂದು ಭಾಗದಲ್ಲಿ ಮುಗಿಯುತ್ತಿತ್ತು. ಗೇಟಿಲ್ಲದೆ ಅದು ಅರ್ಧ ಕೆಲಸ ಎಂದು ಮನೆಯವರೇ ತೀರ್ಮಾನಿಸಿದರು.

ಮೇ ತಿಂಗಳ ಎರಡನೇ ವಾರ ತೋಟದ ಆಚೆ ಸಿಡಿಲು ಬಿತ್ತು. ಗೇಟಿನ ಚಾನೆಲ್ ಕಪ್ಪಾಯಿತು, ಉಳಿದ ಐದೂ ಓಡುತ್ತಿದ್ದವು. ಗೇಟಿನ ತುದಿಯ ಪ್ರೊಟೆಕ್ಟರ್ ಸುಟ್ಟ ವಾಸನೆ ಹೊಡೆಯುತ್ತಿತ್ತು. ರ‍್ಯಾಕಿನಲ್ಲಿದ್ದ ಮೂರನೆಯದನ್ನು ಹಾಕಿದಾಗ ಕ್ಯಾಮೆರಾ ಎದ್ದು ಬಂತು. ರೆಕಾರ್ಡರಿನ ಲಾಗಿನಲ್ಲಿ 'ವಿಡಿಯೋ ಲಾಸ್' ಸಮಯ ಸಂಜೆ 5:16. ಸಿಡಿಲು ಬಡಿದಾಗ ಜಗುಲಿಯಲ್ಲಿ ಕೂತಿದ್ದ ಯಜಮಾನರು ಗೋಡೆ ಗಡಿಯಾರ ನೋಡಿದ್ದರು: ಐದೂ ಕಾಲು.